ಗಡಾಯಿಕಲ್ಲಿಗೆ ಬೆಂಕಿಯಿಟ್ಟ ಟೀಚರ್

ಜಲಜಾಕ್ಷಿ ಟೀಚರನ್ನು ಕಲ್ಲಡ್ಕದ ಹೋಟೆಲಿಗೆ ಕರೆದುಕೊಂಡು ಹೋಗಬಾರದು. ಇದು ನಾನು ಅನುಭವಿಸಿ ಹೇಳುವ ಮಾತು. ಅಲ್ಲಿ ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಕಪ್ಪು ಚಹಾ, ನಡುವೆ ಗೆರೆ ಎಳೆದ ಹಾಗೆ ನಿಲ್ಲಿಸಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಎಂದು ಕೊಡುತ್ತಾರೆ. ಲೋಕದ ಜನ ಅದನ್ನು ಕಲಕಿ ಕುಡಿದು ಎದ್ದು ಹೋಗುತ್ತಾರೆ. ಟೀಚರ್ ಮಾತ್ರ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, "ನೋಡಿ ಮಾಸ್ಟ್ರೇ, ಭೂಮಿಯ ಪದರು ಹೀಗೇ ಇರುವುದು" ಎಂದು ಶುರು ಮಾಡುತ್ತಾರೆ. ಮೇಲಿನ ಚಿಪ್ಪು, ಅದರ ಕೆಳಗಿನ ಕವಚ, ಕವಚದಲ್ಲಿ ಎಲ್ಲೋ ಒಂದು ಕಡೆ ಕಲ್ಲೇ ಕರಗಿ ಪಾಕವಾಗುವುದು, ಆ ಪಾಕ ಬಿರುಕು ಹುಡುಕಿಕೊಂಡು ಮೇಲೇರುವುದು. ಪಾಕ ಮೇಲೇರುವಷ್ಟರಲ್ಲಿ ನನ್ನ ಚಹಾ ತಣ್ಣಗಾಗಿರುತ್ತದೆ. ಒಮ್ಮೆ ಪಕ್ಕದ ಮೇಜಿನ ಸಂಸಾರವೊಂದು ತಮ್ಮ ಲೋಟಗಳನ್ನೂ ಎತ್ತಿ ಹಿಡಿದು ಬಾಯಿ ತೆರೆದು ಕೂತಿತ್ತು. ಸಪ್ಲಾಯರ್ ಬಂದು ಚಹಾದಲ್ಲಿ ಏನಾದರೂ ಬಿದ್ದಿದೆಯಾ ಎಂದು ಕೇಳಿದ.

ನಾನು ಸಂಕಪ್ಪ. ಬೆಳ್ತಂಗಡಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅದೇ ಶಾಲೆಯಲ್ಲಿ ಜಲಜಾಕ್ಷಿ ಟೀಚರ್ ಸಮಾಜ ಕಲಿಸುತ್ತಿದ್ದರು. ಸಮಾಜ ಎಂದರೆ ಚರಿತ್ರೆ, ಪೌರನೀತಿ, ಭೂಗೋಳ ಮೂರೂ ಸೇರಿ. ಆದರೆ ಟೀಚರ ಮಟ್ಟಿಗೆ ಮೊದಲಿನ ಎರಡು ಕೇವಲ ಉಪ್ಪಿನಕಾಯಿ, ಊಟ ಎಂದರೆ ಭೂಗೋಳ. ಅದರಲ್ಲೂ ಕಲ್ಲು. ಈಗ ನಮ್ಮಿಬ್ಬರ ಮನೆಗಳೂ ಗುರುವಾಯನಕೆರೆಯಲ್ಲಿ, ಒಂದೇ ರಸ್ತೆಯ ಆಚೆ ಈಚೆ. ಹಾಗಾಗಿ ನಿವೃತ್ತಿಯಿಂದ ನನಗೆ ಸಿಗಬೇಕಾಗಿದ್ದ ಶಾಂತಿ ಸಿಗಲಿಲ್ಲ.

ಟೀಚರ ಚೀಲದಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುತ್ತದೆ. ಯಾರ ಹೊಸ ಮನೆಯ ಒಕ್ಕಲಿಗೆ ಹೋದರೂ ಮೊದಲು ನೆಲಕ್ಕೆ ಮಂಡಿಯೂರಿ ಕಲ್ಲು ನೋಡುತ್ತಾರೆ. ಮನೆಯವರು ಟೀಚರ ಕಿವಿಯೋಲೆ ಬಿದ್ದಿದೆ ಎಂದು ತಿಳಿದು ತಾವೂ ಹುಡುಕಲು ಶುರು ಮಾಡುತ್ತಾರೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಕೆತ್ತನೆಯ ಸೊಬಗನ್ನು ವರ್ಣಿಸುತ್ತಿದ್ದರೆ, ಇವರು ಒಂದು ಕಂಬಕ್ಕೆ ಮೂಗು ತಾಗಿಸಿ ಕಲ್ಲಿನ ಕಣ ನೋಡುತ್ತಿದ್ದರು. "ಕೆತ್ತನೆ ನಿನ್ನೆ ಮೊನ್ನೆಯದು ಮಾಸ್ಟ್ರೇ, ಕಲ್ಲು ನೋಡಿ" ಎಂದರು. ಆರುನೂರು ವರ್ಷ ಇವರಿಗೆ ನಿನ್ನೆ ಮೊನ್ನೆ! ಅವರ ಯಜಮಾನರು ಶಂಭಣ್ಣ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದರಂತೆ.

ಇಷ್ಟೆಲ್ಲ ತಿಳಿದ ಟೀಚರಿಗೆ ಒಂದು ಕೊರತೆ. ಚಿತ್ರ ಬರೆಯಲು ಬಾರದು. ಬಾರದು ಎಂದರೆ ಸ್ವಲ್ಪವೂ ಬಾರದು. ಅವರು ಬರೆದ ಭಾರತದ ನಕಾಶೆ ನೋಡಿದರೆ ಗೇರುಹಣ್ಣೆಂದು ತಿಳಿದು ಕೈ ಹಾಕಬೇಕು. ಆದರೆ ಭೂಗೋಳ ಪಾಠಕ್ಕೆ ಚಿತ್ರ ಬೇಕೇ ಬೇಕು. ಏಳನೆಯ ತರಗತಿಗೆ ಜ್ವಾಲಾಮುಖಿಯ ಪಾಠ ಬಂದಾಗ ಟೀಚರ್ ಒಂದು ಉಪಾಯ ಹುಡುಕಿದರು.

ನಮ್ಮ ಏಳನೆಯ ತರಗತಿಯ ಕಿಟಕಿಯಲ್ಲಿ ಗಡಾಯಿಕಲ್ಲು ಕಾಣುತ್ತದೆ. ನೋಡದವರಿಗಾಗಿ ಹೇಳುವುದಾದರೆ, ಅದು ಬೆಟ್ಟವಲ್ಲ, ಒಂದೇ ಕಲ್ಲು. ಬೆಟ್ಟದಷ್ಟು ದೊಡ್ಡ ಒಂದು ಬೋಳು ಬಂಡೆ, ಘಟ್ಟದ ಸಾಲಿನ ಮುಂದೆ ಒಬ್ಬಂಟಿಯಾಗಿ ಎದ್ದು ನಿಂತಿದೆ. ತುದಿಯಲ್ಲಿ ಟಿಪ್ಪುವಿನ ಕಾಲದ ಕೋಟೆಯ ಅವಶೇಷ. ಟೀಚರ್ ಒಂದು ಕಣ್ಣು ಕಿಟಕಿಯ ಮೇಲಿಟ್ಟು, ಇನ್ನೊಂದು ಕಣ್ಣು ಕರಿಹಲಗೆಯ ಮೇಲಿಟ್ಟು, ಗಡಾಯಿಕಲ್ಲಿನ ಗೆರೆಯನ್ನೇ ಇಳಿಸಿಬಿಡುತ್ತಿದ್ದರು. ಅದರೊಳಗೆ ಒಂದು ಕೊಳವೆ. ಕೆಳಗೆ ಕುದಿಯುವ ಪಾಕದ ಹೊಂಡ. ತುದಿಯಲ್ಲಿ ಕೆಂಪು ಸೀಮೆಸುಣ್ಣದಿಂದ ಬೆಂಕಿ. ಚಂದ ಕಾಣಲಿ ಎಂದು ಬುಡದಲ್ಲಿ ನಾಲ್ಕು ತೆಂಗಿನ ಮರ, ಎರಡು ಹಂಚಿನ ಮನೆ. ಲಾವಾರಸ ಆ ಮನೆಗಳ ಕಡೆಗೇ ಹರಿದು ಬರುತ್ತಿತ್ತು. ಅವರ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಂದ ಚಿತ್ರ ಅದೊಂದೇ. ಹಾಗಾಗಿ ವರ್ಷ ವರ್ಷವೂ ಅದನ್ನೇ ಬರೆದರು. ಒಮ್ಮೆ ಇನ್‌ಸ್ಪೆಕ್ಟರ್ ಬಂದು ನೋಡಿ, ಸ್ಥಳೀಯ ಪರಿಸರದ ಬಳಕೆ ಎಂದು ಹೊಗಳಿ ಹೋದರು.

ಆ ಚಿತ್ರದ ಫಲ ಏನು ಎನ್ನುವುದು ತಿಳಿದದ್ದು ಕಳೆದ ನವೆಂಬರಿನಲ್ಲಿ. ಅಂದು ಬೆಳಿಗ್ಗೆ ನಾನು ಟೀಚರ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಫಾಹಿಮಾ ಗೇಟು ತಳ್ಳಿಕೊಂಡು ಬಂದಳು. ನಮ್ಮಿಬ್ಬರ ಹಳೆಯ ವಿದ್ಯಾರ್ಥಿನಿ, ಗಂಡ ಸಲಾಮನೂ ಅದೇ ಶಾಲೆಯವನು. ಗಡಾಯಿಕಲ್ಲಿನ ಬುಡದಲ್ಲಿ, ತಾಯಿಯಿಂದ ಬಂದ ಹತ್ತು ಸೆಂಟ್ಸ್ ಜಾಗದಲ್ಲಿ, ಹತ್ತಲು ಬರುವವರಿಗೆ ಚಹಾ, ಶರಬತ್ತು, ಆಮ್ಲೆಟ್ ಮಾಡಿ ಕೊಡುವ ಒಂದು ಶೀಟಿನ ಅಂಗಡಿ ಇಟ್ಟಿದ್ದಾಳೆ. ವಾಸ ಮಾತ್ರ ಪೇಟೆಯ ಬಾಡಿಗೆ ಮನೆಯಲ್ಲಿ. ಕೂತವಳೇ ಹೇಳಿದಳು:

"ಟೀಚರ್, ನನ್ನ ಜಾಗ ಹೋಗ್ತದೆ. ನೀವೇ ಬಚಾವ್ ಮಾಡ್ಬೇಕು. ಹಾಳು ಮಾಡಿದ್ದೂ ನೀವೇ."

ಜಲಜಾಕ್ಷಿ ಟೀಚರ್ ಬೆಚ್ಚಿದರು. "ನಾನು ಎಂತ ಮಾಡಿದೆ ಮಾರಾಯ್ತಿ?"

"ನನಗೆ ಅಲ್ಲೇ ಒಂದು ಸಣ್ಣ ಮನೆ ಕಟ್ಬೇಕು ಅಂತ ಆಸೆ. ಉಮ್ಮ ಇದ್ದ ಜಾಗ ಅಲ್ವಾ. ಇವರು ಒಪ್ಪುವುದೇ ಇಲ್ಲ. ಜಾಗ ಮಾರುವ, ಬೇರೆ ಎಲ್ಲಿಯಾದರೂ ಕಟ್ಟುವ ಅಂತಾರೆ. ಬಂಟ್ವಾಳದಿಂದ ಒಬ್ಬ ಬ್ರೋಕರ್ ಬಂದು ರೆಸಾರ್ಟಿನವರಿಗೆ ಅಂತ ಕೇಳಿ ಹೋಗಿದ್ದಾನೆ. ಬರುವ ಶುಕ್ರವಾರ ಸಂಜೆ ಕರಾರು ಮಾಡ್ಲಿಕ್ಕೆ ಬರ್ತಾನಂತೆ."

"ಸಲಾಮಿಗೆ ಆ ಜಾಗದಲ್ಲಿ ಎಂತ ತೊಂದರೆ?"

ಫಾಹಿಮಾ ಟೀಚರ ಮುಖವನ್ನೇ ನೋಡಿ ಹೇಳಿದಳು: "ಗಡಾಯಿಕಲ್ಲು ಯಾವಾಗ ಬೇಕಾದರೂ ಬೆಂಕಿ ಉಗುಳ್ತದಂತೆ. ಟೀಚರ್ ಬೋರ್ಡಿನಲ್ಲಿ ಬರೆದು ತೋರಿಸಿದ್ದಾರೆ ಅಂತಾರೆ."

ನಾನು ನಕ್ಕೆ. ಪೇಪರ್ ಕೆಳಗೆ ಬೀಳುವಷ್ಟು ನಕ್ಕೆ. ಟೀಚರೂ ನಕ್ಕರು, ಆದರೆ ಆ ನಗು ಅರ್ಧದಲ್ಲೇ ನಿಂತಿತು. ಗಡಾಯಿಕಲ್ಲು ಜ್ವಾಲಾಮುಖಿಯಲ್ಲ ಎನ್ನುವುದು ಅವರಿಗೆ ಮೊದಲಿನಿಂದಲೂ ಗೊತ್ತು. ಅದನ್ನು ಹೇಳಬೇಕು ಎಂದು ಮಾತ್ರ ಅವರಿಗೆ ಒಂದು ವರ್ಷವೂ ಹೊಳೆದಿರಲಿಲ್ಲ. ಗೊತ್ತಿರುವವರ ರೋಗವೇ ಅದು, ತಮಗೆ ಗೊತ್ತಿರುವುದು ಗೋಡೆಗೂ ಗೊತ್ತಿದೆ ಎಂದುಕೊಳ್ಳುತ್ತಾರೆ.

"ಇವನೊಬ್ಬ ದಡ್ಡ. ಉಳಿದವರು ಸರಿಯಾಗಿ ತಿಳಿದುಕೊಂಡಿರ್ತಾರೆ" ಎಂದು ಟೀಚರ್ ಕೊಡೆ ತೆಗೆದುಕೊಂಡು ಹೊರಟರು. ನೋಡಲು ನಾನೂ ಹೊರಟೆ. ಇಂಥ ತಮಾಷೆ ದಿನಾ ಸಿಗುವುದಿಲ್ಲ.

ಗುರುವಾಯನಕೆರೆ ಜಂಕ್ಷನಿನಲ್ಲಿ ಮೊದಲು ಸಿಕ್ಕಿದ ಹಳೆಯ ವಿದ್ಯಾರ್ಥಿ ರಿಕ್ಷಾದ ಧರ್ಣಪ್ಪ. ಗಡಾಯಿಕಲ್ಲು ಎಂತದ್ದು ಎಂದು ಟೀಚರ್ ಕೇಳಿದ ಕೂಡಲೇ ಕೈ ಕಟ್ಟಿ ನಿಂತ. "ಜ್ವಾಲಾಮುಖಿ ಟೀಚರ್. ಸುಪ್ತ ಜ್ವಾಲಾಮುಖಿ" ಎಂದ. ಸುಪ್ತ ಎಂಬ ಪದವನ್ನು ತಪ್ಪಿಲ್ಲದೆ ಉಚ್ಚರಿಸಿದನೆಂದು ನನಗೆ ಒಳಗೊಳಗೆ ಸಂತೋಷವಾಯಿತು. ಟೈಲರ್ ಸುರಕ್ಷಾ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಅದನ್ನೇ ಹೇಳಿದಳು. ದಾಖಲೆ ಸಹಿತ ಹೇಳಿದಳು, "ನನ್ನ ಅಕ್ಕನಿಗೂ ನೀವು ಹಾಗೆಯೇ ಹೇಳಿದ್ದಲ್ವಾ ಟೀಚರ್?" ಬ್ಯಾಂಕಿನ ಕೌಂಟರಿನಲ್ಲಿದ್ದ ಮನೀಷ್, ಹೊರಗಿನ ಊರುಗಳಿಂದ ಬಂದ ಮ್ಯಾನೇಜರುಗಳಿಗೆಲ್ಲ ತಾನೇ ಈ ವಿಷಯ ತಿಳಿಸಿರುವುದಾಗಿ ಹೆಮ್ಮೆಯಿಂದ ಹೇಳಿದ. ಒಬ್ಬ ಮ್ಯಾನೇಜರ್ ವರ್ಗ ಕೇಳಿಕೊಂಡು ಹೋದರಂತೆ. ಅದಕ್ಕೆ ಇದೇ ಕಾರಣವೋ, ಇಲ್ಲಿಯ ಸೆಕೆ ಕಾರಣವೋ ಹೇಳಲಾಗದು.

ಸಂಜೆಗೆ ಟೀಚರ ಮುಖ ಬಾಡಿತ್ತು. ಬೇರೆ ಪಾಠಗಳನ್ನೆಲ್ಲ ಮಕ್ಕಳು ಪರೀಕ್ಷೆಯ ಮರುದಿನವೇ ಮರೆತಿದ್ದರು. ಪೌರನೀತಿ ಮರೆತದ್ದಂತೂ ಊರಿನ ನಡವಳಿಕೆಯಲ್ಲೇ ಕಾಣುತ್ತದೆ. ಇದೊಂದನ್ನು ಮಾತ್ರ ಒಬ್ಬನೂ ಮರೆತಿರಲಿಲ್ಲ.

"ಇಡೀ ತಾಲೂಕಿಗೆ ಬೆಂಕಿ ಇಟ್ಟಿದ್ದೀರಿ ಟೀಚರ್" ಎಂದೆ.

"ಸುಮ್ಮನಿರಿ ಮಾಸ್ಟ್ರೇ. ನನಗೆ ಮಂಡೆ ಬಿಸಿಯಾಗಿದೆ" ಎಂದರು. ತಾಲೂಕಿನ ವಿಷಯ ಆಮೇಲೆ, ಮೊದಲು ಫಾಹಿಮಾಳ ಜಾಗ ಉಳಿಯಬೇಕು ಎಂದು ತೀರ್ಮಾನವಾಯಿತು. ಶುಕ್ರವಾರದ ಒಳಗೆ ಸಲಾಮನ ತಲೆಯಿಂದ ಆ ಬೆಂಕಿ ಆರಿಸಬೇಕು.

ಅಬ್ದುಲ್ ಸಲಾಂ ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಮೂಡಬಿದಿರೆಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಟೀಚರ್ ಮರುದಿನ ನನ್ನನ್ನೂ ಎಳೆದುಕೊಂಡು ಅದೇ ಬಸ್ಸು ಹತ್ತಿ, ಎಂಜಿನಿನ ಪಕ್ಕದ ಸೀಟಿನಲ್ಲಿ, ಚಾಲಕನೊಡನೆ ಮಾತನಾಡಬೇಡಿ ಎಂದು ಬರೆದ ಫಲಕದ ಸರಿಯಾಗಿ ಕೆಳಗೆ ಕೂತು, ಪಾಠ ಆರಂಭಿಸಿದರು.

"ನೋಡು ಸಲಾಂ. ಭೂಮಿಯೊಳಗೆ ಕಲ್ಲು ಕರಗಿ ಪಾಕ ಆಗ್ತದೆ. ಅದು ಹೊರಗೆ ಚೆಲ್ಲಿದರೆ ಲಾವಾ. ಚೆಲ್ಲಿ ಚೆಲ್ಲಿ ರಾಶಿ ಬಿದ್ದದ್ದು ಜ್ವಾಲಾಮುಖಿ. ಆದರೆ ಎಲ್ಲಾ ಪಾಕ ಹೊರಗೆ ಬರುವುದಿಲ್ಲ. ಹೆಚ್ಚಿನದ್ದು ದಾರಿ ಸಿಕ್ಕದೆ ಒಳಗೇ ನಿಂತು ನಿಧಾನ ತಣಿದು ಕಲ್ಲಾಗ್ತದೆ. ಗಡಾಯಿಕಲ್ಲು ಆ ಜಾತಿಯದ್ದು. ಅದರ ಮೇಲೆ ಇದ್ದ ಮಣ್ಣು, ಕಲ್ಲು ಎಲ್ಲಾ ಕೋಟಿಗಟ್ಟಲೆ ವರ್ಷದ ಮಳೆಗೆ ಕೊಚ್ಚಿ ಹೋಯ್ತು. ಗಟ್ಟಿ ಇದ್ದದ್ದು ಉಳಿಯಿತು. ನಮ್ಮ ಮಳೆ ಎಂತದ್ದು ಅಂತ ನಿನಗೆ ಗೊತ್ತಿಲ್ವಾ? ಅದು ಬೆಂಕಿ ಉಗುಳಿದ್ದೂ ಇಲ್ಲ, ಉಗುಳುವುದೂ ಇಲ್ಲ."

ಸಲಾಂ ಗೇರು ಬದಲಿಸಿದ. ದಾರಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಟೀಚರ್, ನೀವು ಈಗ ಹೇಳುವುದು ಫಾಹಿಮಾಗೆ ಬೇಕಾಗಿ. ಆಗ ಕ್ಲಾಸಿನಲ್ಲಿ ಹೇಳುವಾಗ ನಿಮಗೆ ಯಾರ ಜಾಗದ ಚಿಂತೆಯೂ ಇರ್ಲಿಲ್ಲ. ಹಾಗಾಗಿ ಆಗ ಹೇಳಿದ್ದೇ ಸರಿ."

ಕಂಡಕ್ಟರ್ ಕುಶಾಲಪ್ಪನೂ ನಮ್ಮ ಶಾಲೆಯವನೇ. ಅವನು ಫುಟ್‌ಬೋರ್ಡಿನಿಂದಲೇ ಕೂಗಿದ: "ಹೌದು ಟೀಚರ್! ನೀವು ಲಾವಾ ಮನೆಗೆ ಬರುವುದನ್ನು ಕೂಡಾ ಬರೆದಿದ್ರಿ. ಎರಡು ಹಂಚಿನ ಮನೆ ಇತ್ತು."

"ಅದು ಚಂದಕ್ಕೆ ಬರೆದದ್ದು!"

"ಚಂದಕ್ಕೆ ಯಾರಾದರೂ ಮನೆಗೆ ಬೆಂಕಿ ಕೊಡ್ತಾರಾ ಟೀಚರ್?" ಎಂದು ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ವೇಣೂರಿನಲ್ಲಿ ಇಳಿಯಬೇಕಾಗಿದ್ದ ಇಬ್ಬರು ಚರ್ಚೆ ಮುಗಿಯಲಿ ಎಂದು ಮುಂದಿನ ಸ್ಟಾಪಿನವರೆಗೆ ಬಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನು ಮಕ್ಕಳಿಗೆ ಕಲಿಸಿದ್ದೆ. ಗಿಡವಾಗಿದ್ದಾಗ ಬಗ್ಗಿಸಿದ್ದನ್ನು ಮರವಾದ ಮೇಲೆ ನೆಟ್ಟಗೆ ಮಾಡುವುದು ಹೇಗೆ ಎಂದು ಗಾದೆ ಮಾಡಿದವರು ಯೋಚಿಸಿದಂತಿಲ್ಲ.

ಮಾತಿಗೆ ಬಗ್ಗದವನು ಕಣ್ಣಿಗೆ ಬಗ್ಗಿಯಾನು ಎಂದು ಟೀಚರ್ ಸಲಾಮನ ರಜೆಯ ದಿನ ಮಲ್ಪೆಗೆ ಪ್ರವಾಸ ಹೊರಡಿಸಿದರು. ಸಲಾಂ, ಫಾಹಿಮಾ, ಟೀಚರ್, ನಾನು. ಮಲ್ಪೆಯ ಸಮುದ್ರದಲ್ಲಿ ಸೈಂಟ್ ಮೇರೀಸ್ ಎಂಬ ನಡುಗಡ್ಡೆಯಿದೆ, ದೋಣಿಯಲ್ಲಿ ಹೋಗಬೇಕು. ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟು ಹೋಗುವ ಕಾಲದಲ್ಲಿ ಹೊರಗೆ ಚೆಲ್ಲಿದ ಲಾವಾ ಅಲ್ಲಿ ಕಲ್ಲಾಗಿ ನಿಂತಿದೆ. ಟೀಚರ್ ಪಾಠ ಮಾಡುವಾಗ ಅದನ್ನು ಹೆಸರಿಸುತ್ತಿದ್ದರು, ಆದರೆ ಕಡಲಿನ ದೋಣಿಗೆ ಹೆದರಿ ಒಮ್ಮೆಯೂ ಹೋಗಿರಲಿಲ್ಲ. ಆ ದಿನ ದೋಣಿ ಒಮ್ಮೆ ಓಲಾಡಿದಾಗ ನನ್ನ ತೋಳನ್ನು ಹಿಡಿದ ಗುರುತು ಎರಡು ದಿನ ಹಾಗೆಯೇ ಇತ್ತು.

ನಡುಗಡ್ಡೆಯಲ್ಲಿ ಇಳಿದು ಆ ಕಲ್ಲಿನ ಕಂಬಗಳನ್ನು ಕಂಡದ್ದೇ ಟೀಚರ ಕಣ್ಣು ತುಂಬಿತು. ನಾನು ತಮಾಷೆ ಮಾಡಬೇಕೆಂದು ಬಾಯಿ ತೆರೆದವನು ಮುಚ್ಚಿದೆ. ಐದು ಮೂಲೆಯ, ಆರು ಮೂಲೆಯ ಕಂಬಗಳು, ಯಾರೋ ಕಡಿದು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಗದ್ದೆಯ ಕೆಸರು ಒಣಗುವಾಗ ಬಿರುಕು ಬಿಡುತ್ತದಲ್ಲ, ಹಾಗೆಯೇ ಲಾವಾ ತಣಿದು ಕುಗ್ಗುವಾಗ ಬಿರಿದು ಕಂಬವಾಗಿದೆ ಎಂದು ವಿವರಿಸಿದರು. ಇಷ್ಟು ದೊಡ್ಡ ಸಂಗತಿಯನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಿದ್ದು ಅವರಿಗೂ ಹೊಸತು.

ಆಮೇಲೆ ಚೀಲದಿಂದ ಪ್ರಯೋಗದ ಸಾಮಾನು ಹೊರಬಂತು. ಒಂದು ಡಬ್ಬಿಯಲ್ಲಿ ಚಿಕ್ಕಿ, ಒಂದರಲ್ಲಿ ಕಲ್ಲುಸಕ್ಕರೆ. ಜೊತೆಗೆ ಫಾಹಿಮಾಳ ಅಂಗಡಿಯ ಒಲೆಯ ಬದಿಯಿಂದ ತಂದ ಗಡಾಯಿಕಲ್ಲಿನ ಒಂದು ಚೂರು.

"ಚಿಕ್ಕಿಯ ಪಾಕವನ್ನು ತಟ್ಟೆಗೆ ಹೊಯ್ದರೆ ಬೇಗ ಗಟ್ಟಿಯಾಗ್ತದೆ. ನುಣ್ಣಗೆ, ಗಾಜಿನ ಹಾಗೆ. ಹರಳು ಕಟ್ಟಲಿಕ್ಕೆ ಸಮಯವೇ ಇಲ್ಲ. ಹೊರಗೆ ಬಂದ ಲಾವಾ ಹೀಗೆ. ಈ ಕಂಬ ನೋಡು, ಹರಳು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕಲ್ಲುಸಕ್ಕರೆ ಮಾಡ್ಲಿಕ್ಕೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಡ್ತಾರೆ. ಹರಳು ದೊಡ್ಡ ದೊಡ್ಡದಾಗಿ ಬೆಳೀತದೆ. ಒಳಗೇ ತಣಿದ ಕಲ್ಲು ಹೀಗೆ. ಈಗ ನಿಮ್ಮ ಗಡಾಯಿಕಲ್ಲು ನೋಡು."

ಸಲಾಂ ಭೂತಗನ್ನಡಿ ಹಿಡಿದು ನೋಡಿದ. ಚೂರಿನಲ್ಲಿ ಬಿಳಿಯ ಹರಳು, ಬೂದು ಹರಳು, ನಡುನಡುವೆ ಮಿನುಗುವ ಕಪ್ಪು ಚುಕ್ಕೆ. ಕಂಬದಲ್ಲಿ ಅದಾವುದೂ ಇಲ್ಲ. ಅವನು ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಪ್ರಯೋಗದ ಚಿಕ್ಕಿಯನ್ನು ನಾನು ಮುಗಿಸಿದ್ದೆ.

"ಅರ್ಥ ಆಯ್ತು ಟೀಚರ್. ಇದು ಹೊರಗೆ ಬಂದದ್ದು, ಅದು ಒಳಗೇ ಉಳಿದದ್ದು."

"ಶಹಬ್ಬಾಸ್!"

"ಹಾಗಾದರೆ ಅದೇ ಹೆಚ್ಚು ಅಪಾಯ ಅಲ್ವಾ ಟೀಚರ್? ಹೊರಗೆ ಬಂದದ್ದು ಬಂದು ಮುಗೀತು. ಒಳಗೆ ಉಳಿದದ್ದನ್ನು ನಂಬ್ಲಿಕ್ಕೆ ಆಗ್ತದಾ? ಮನುಷ್ಯರಲ್ಲಿಯೂ ಹಾಗೇ. ಬೈದು ಮುಗಿಸಿದವರಿಗೆ ಹೆದರಬೇಕಾಗಿಲ್ಲ, ಬಾಯಿ ಮುಚ್ಚಿ ಕೂತವರಿಗೆ ಹೆದರಬೇಕು."

ಫಾಹಿಮಾ ಹಣೆ ಚಚ್ಚಿಕೊಂಡಳು. ತಣಿದ ಕಲ್ಲು ಎಂದರೆ ತಣಿದದ್ದು, ನೂರಾರು ಕೋಟಿ ವರ್ಷವಾಯಿತು, ಅದರಲ್ಲಿ ಒಂದು ಕಡ್ಡಿ ಹೊತ್ತಿಸುವಷ್ಟೂ ಕಾವಿಲ್ಲ ಎಂದು ಟೀಚರ್ ಮರಳುವ ದೋಣಿಯ ಉದ್ದಕ್ಕೂ ಹೇಳಿದರು. ಸಲಾಂ ಎಲ್ಲದಕ್ಕೂ ಹೌದು ಟೀಚರ್ ಎಂದ. ನನಗೋ ಟೀಚರ ಯಜಮಾನ ಶಂಭಣ್ಣನ ಮೌನ ನೆನಪಾಗಿ ಒಳಗಿನಿಂದಲೇ ನಡುಕ ಬಂತು.

ಶುಕ್ರವಾರ ಬಂತು. ಬೆಳಿಗ್ಗೆಯೇ ಟೀಚರ್ ನನ್ನನ್ನು ಎಬ್ಬಿಸಿ ಧರ್ಣಪ್ಪನ ರಿಕ್ಷಾದಲ್ಲಿ ಕೂರಿಸಿದರು. ಫಾಹಿಮಾಳ ಅಂಗಡಿ ತಲುಪಿದಾಗ ಸಲಾಂ ಜಾಗದ ಗಡಿ ತೋರಿಸಲೆಂದು ಪೊದೆ ಕಡಿಯುತ್ತಿದ್ದ. ಫಾಹಿಮಾಳ ಕಣ್ಣು ಕೆಂಪಾಗಿತ್ತು. ಅವಳ ತಾಯಿ ಅದೇ ಜಾಗದಲ್ಲಿ ಬೀಡಿ ಕಟ್ಟಿ ಅವಳನ್ನು ಓದಿಸಿದ್ದು ನಮಗೆಲ್ಲ ಗೊತ್ತು. ನನಗೆ ಆಗ ಸಲಾಮನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಇಂಥವನಿಗೆ ನಾನು ವ್ಯಾಕರಣದಲ್ಲಿ ಅಂಕ ಕೊಟ್ಟು ಪಾಸು ಮಾಡಿದೆನಲ್ಲ ಎನಿಸಿತು.

ಟೀಚರ್ ಕೊಡೆಯ ತುದಿಯಿಂದ ಬಂಡೆಯ ನೆತ್ತಿ ತೋರಿಸಿದರು. "ನಾನು ಬೆಂಕಿ ಬರೆದ ಜಾಗ ಅದು. ಹೋಗಿ ನೋಡುವ, ನಡಿ."

"ನಾನು ಬರುವುದಿಲ್ಲ ಟೀಚರ್."

"ಈ ಕಲ್ಲಿನ ಬುಡದಲ್ಲಿ ಹುಟ್ಟಿದವ ನೀನು. ಒಮ್ಮೆಯೂ ಹತ್ತಿದ್ದಿಲ್ವಾ?"

"ಇಲ್ಲ. ಹತ್ತುವುದೂ ಇಲ್ಲ."

"ಸರಿ. ನೀನು ಪೊದೆ ಕಡಿ. ನಾನು ಹೋಗ್ತೇನೆ."

ಅರವತ್ತು ದಾಟಿದ ಹೆಂಗಸು. ಬಲಗಾಲಿನ ಗಂಟು ಮಳೆಗಾಲದಲ್ಲಿ ಹವಾಮಾನ ಇಲಾಖೆಗಿಂತ ಮೊದಲೇ ಸೂಚನೆ ಕೊಡುತ್ತದೆ. ಅರಣ್ಯ ಇಲಾಖೆಯವರ ಟಿಕೆಟ್ ತೆಗೆದುಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡೆ ಊರಿಕೊಂಡು ಹೊರಟೇಬಿಟ್ಟರು. ಅಂಗಡಿಯ ಬೆಂಚಿನಲ್ಲಿ ಕೂತು ಆಮ್ಲೆಟ್ ತಿನ್ನುವ ಯೋಚನೆಯಲ್ಲಿದ್ದ ನಾನು ಮರ್ಯಾದೆಗೆ ಅಂಜಿ ಹಿಂದೆ ಹೋದೆ. ಕಾಡಿನ ದಾರಿ ಮುಗಿದು ಬಂಡೆಗೆ ಕಡಿದ ಮೆಟ್ಟಿಲು ಶುರುವಾಗುವಲ್ಲಿ ಹಿಂತಿರುಗಿ ನೋಡಿದರೆ ಸಲಾಂ ಬರುತ್ತಿದ್ದ. ಕೈಯಲ್ಲಿ ನೀರಿನ ಬಾಟ್ಲಿ. ಹೆಂಡತಿಯ ಬೈಗುಳ ತಿಂದು ಬಂದವನೆಂದು ಮುಖವೇ ಹೇಳುತ್ತಿತ್ತು. "ಟೀಚರ್ ಬಿದ್ದರೆ ಊರು ನನ್ನನ್ನು ಬಿಡ್ತದಾ?" ಎಂದ. ಅಷ್ಟೇ.

ನನ್ನ ಅರಿವಿನಲ್ಲಿ ಜಲಜಾಕ್ಷಿ ಟೀಚರ್ ಕಲ್ಲಿನ ಮೇಲಿದ್ದೂ ಕಲ್ಲಿನ ಬಗ್ಗೆ ಮಾತಾಡದಿದ್ದದ್ದು ಅದೇ ಮೊದಲು. ಉಸಿರು ಇರಲಿಲ್ಲ. ಈರುಳ್ಳಿಯ ಸಿಪ್ಪೆಯ ಹಾಗೆ ಬಂಡೆಯಿಂದ ಬಿಟ್ಟುಕೊಂಡ ಪದರುಗಳನ್ನು ಕೊಡೆಯಿಂದ ತೋರಿಸುವುದು, ಏನೋ ಹೇಳಲು ಹೋಗುವುದು, ಆಗದೆ ಕೈ ಬಿಡುವುದು. ಒಂದು ಕಡಿದಾದ ತಿರುವಿನಲ್ಲಿ ಕೆಳಗೆ ನೋಡಿ ನಿಂತುಬಿಟ್ಟರು, ಮುಂದೆಯೂ ಇಲ್ಲ ಹಿಂದೆಯೂ ಇಲ್ಲ. ಸಲಾಂ ಮೇಲಿನ ಮೆಟ್ಟಿಲಿಗೆ ಹೋಗಿ ಕೈ ಚಾಚಿದ. ಟೀಚರ್ ಆ ಕೈ ಹಿಡಿದರು. ದಿನಾ ಅರವತ್ತು ಜನರನ್ನು ತಿರುವುಗಳಲ್ಲಿ ಹಾರಿಸಿಕೊಂಡು ಹೋಗುವ ಮನುಷ್ಯ ಬೆವರಿ ತೊಪ್ಪೆಯಾಗಿದ್ದ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಇವನು ಹಟ ಮಾಡುತ್ತಿಲ್ಲ, ಇವನಿಗೆ ಹೆದರಿಕೆ ಎನ್ನುವುದು ನನಗೆ ಆಗ ಹೊಳೆಯಿತು.

ನೆತ್ತಿ ತಲುಪಿದಾಗ ಗಾಳಿ ಬೀಸುತ್ತಿತ್ತು. ಬಿದ್ದ ಗೋಡೆ, ಹುಲ್ಲು, ನಡುವೆ ಒಂದು ನೀರಿನ ಹೊಂಡ. ಹಿಂದೆ ಕೋಟೆಯವರು ಮಳೆನೀರು ಹಿಡಿಯಲು ಮಾಡಿಕೊಂಡದ್ದು. ಹಸಿರು ನೀರು, ಅದರಲ್ಲಿ ಗೊದಮೊಟ್ಟೆಗಳು ಬಾಲ ಅಲ್ಲಾಡಿಸುತ್ತಿದ್ದವು. ಸಲಾಂ ಹೊಂಡದ ಅಂಚಿಗೆ ಹೋಗಿ ಇಣುಕಿದ. ಕೂತು ಕೈ ಅದ್ದಿದ. ತಕ್ಷಣ ತೆಗೆದ. ಮತ್ತೆ ಅದ್ದಿದ.

"ತಣ್ಣಗುಂಟು" ಎಂದ, ಯಾರಿಗೋ ಹೇಳಿದ ಹಾಗೆ.

ಟೀಚರ್ ಒಂದು ಕಲ್ಲಿನ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಸಲಾಂ ನೀರನ್ನೇ ನೋಡುತ್ತಾ ಹೇಳಿದ:

"ಟೀಚರ್, ನೀವು ಆ ಚಿತ್ರ ಬರೆದ ದಿನ ನಾನು ಎದ್ದು ನಿಂತು ಕೇಳಿದ್ದೆ. ನಮ್ಮ ಗಡಾಯಿಕಲ್ಲು ಕೂಡಾ ಹೀಗೇ ಬೆಂಕಿ ಉಗುಳ್ತದಾ ಟೀಚರ್ ಅಂತ. ನೀವು ಹೊಗೆ ಬರೀತಾ ಇದ್ರಿ. ಈಚೆ ತಿರುಗ್ಲಿಲ್ಲ. ಹೌದು ಹೌದು, ಕೂತ್ಕೋ ಅಂದ್ರಿ."

ಟೀಚರ್ ತಲೆಯೆತ್ತಿದ್ದರು.

"ಆಮೇಲೆ ತುಂಬ ಸಮಯ ನಾನು ಚಪ್ಪಲಿ ಹಾಕಿಯೇ ಮಲಗ್ತಿದ್ದೆ. ಓಡ್ಲಿಕ್ಕೆ ಬೇಕಲ್ಲ, ಕಾಲು ಸುಡ್ತದಲ್ಲ. ತಂಗಿ ಸಬೀಹಾಳ ಚಪ್ಪಲಿಯನ್ನು ನನ್ನ ತಲೆದಿಂಬಿನ ಅಡಿಯಲ್ಲಿ ಇಡ್ತಿದ್ದೆ. ಚಾಪೆ ಮಣ್ಣಾಗ್ತದೆ ಅಂತ ಉಮ್ಮ ಹೊಡೀತಿದ್ರು. ಯಾಕೆ ಅಂತ ನಾನು ಹೇಳ್ಲಿಲ್ಲ. ಹೇಳಿದರೆ ಅವರಿಗೂ ಹೆದರಿಕೆ ಆಗ್ತದಲ್ಲ."

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹೋಗುವುದಿಲ್ಲ, ಯಾರದ್ದೋ ತಲೆದಿಂಬಿನ ಅಡಿಯಲ್ಲಿ ಕೂತಿರುತ್ತದೆ.

"ನನಗೆ ನೆನಪಿಲ್ಲ ಸಲಾಂ" ಎಂದರು ಟೀಚರ್. "ಒಂದು ಚೂರೂ ನೆನಪಿಲ್ಲ."

"ನಿಮಗೆ ಹೇಗೆ ನೆನಪಿರ್ತದೆ ಟೀಚರ್. ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಷ್ಟು ಪ್ರಶ್ನೆ."

"ತಿರುಗಿ ನೋಡಬೇಕಾಗಿತ್ತು. ನನ್ನದು ತಪ್ಪು. ಕ್ಷಮಿಸು ಮಗಾ." ಟೀಚರ್ ಅಳುತ್ತಿದ್ದರು, ಅದನ್ನು ಅಡಗಿಸಲೂ ಹೋಗಲಿಲ್ಲ. "ಇದು ಬೆಂಕಿ ಉಗುಳುವುದಿಲ್ಲ. ಯಾವತ್ತೂ ಇಲ್ಲ. ನೀನು ಕೇಳಿದ ಪ್ರಶ್ನೆಗೆ ಉತ್ತರ ಅದು."

ಸಲಾಂ ಗಾಬರಿಯಾದ. ಟೀಚರ್ ಅತ್ತರೆ ಏನು ಮಾಡಬೇಕು ಎಂದು ನಾವು ಯಾವ ತರಗತಿಯಲ್ಲೂ ಕಲಿಸುವುದಿಲ್ಲ. ನೀರಿನ ಬಾಟ್ಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟ. ಸ್ವಲ್ಪ ಹೊತ್ತು ಆಚೆ ಈಚೆ ನಡೆದ. ಕೆಳಗೆ ಫಾಹಿಮಾಳ ಅಂಗಡಿಯ ನೀಲಿ ಶೀಟು ಬೆಂಕಿಪೆಟ್ಟಿಗೆಯಷ್ಟು ಸಣ್ಣದಾಗಿ ಕಾಣುತ್ತಿತ್ತು. ಅದನ್ನೇ ನೋಡಿಕೊಂಡು ಕಿಸೆಯಿಂದ ಮೊಬೈಲ್ ತೆಗೆದು ಬ್ರೋಕರಿಗೆ ಫೋನು ಮಾಡಿದ.

"ಸಂಜೆ ಬರುವುದು ಬೇಡ. ಕೊಡುವುದಿಲ್ಲ... ಇಲ್ಲ, ರೇಟಿನ ವಿಷಯ ಅಲ್ಲ. ಮನೆ ಕಟ್ತೇವೆ." ಆಚೆಯಿಂದ ಏನೋ ಕೇಳಿದರು. "ಮೊದಲು ಹೆದರಿಕೆ ಇತ್ತು, ಈಗ ಇಲ್ಲ" ಎಂದು ಫೋನು ಇಟ್ಟ.

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಖದಲ್ಲಿ ಹಳೆಯ ಟೀಚರ್ ಸ್ವಲ್ಪ ಸ್ವಲ್ಪವಾಗಿ ಮರಳಿ ಬರುತ್ತಿದ್ದರು. "ನೋಡಿದೆಯಾ? ಇಲ್ಲಿಗೆ ಬಂದು ಕಲ್ಲನ್ನು ಹತ್ತಿರದಿಂದ ನೋಡಿದ ಮೇಲೆ ಧೈರ್ಯ ಬಂತಲ್ವಾ?"

ಸಲಾಂ ನಕ್ಕ. ಆ ನಗುವಿನಲ್ಲಿ ಏಳನೆಯ ತರಗತಿಯ ಹುಡುಗ ಕಂಡ.

"ಕಲ್ಲನ್ನು ನಾನು ಹುಟ್ಟಿದಾಗಿನಿಂದ ನೋಡ್ತಾ ಇದ್ದೇನೆ ಟೀಚರ್. ಅದು ನನ್ನನ್ನು ಒಂದು ದಿನವೂ ಹೆದರಿಸ್ಲಿಲ್ಲ."

ಜಲಜಾಕ್ಷಿ ಟೀಚರ್ ಕೊಡೆಯನ್ನು ನನ್ನ ಕೈಗೆ ಕೊಟ್ಟು ಎದ್ದರು, ಕೆಳಗಿನ ಅಂಗಡಿ ಮುಟ್ಟುವ ತನಕ ಅವನ ಕೈ ಬಿಡದೆ ಇಳಿದರು.